ಟೆಂಪರ್ ಬಂದರೂ ಸಿಟ್ಟು, ಕಳ್ಕೊಂಡರೂ ಸಿಟ್ಟು: ಇದು ಹೇಗೆ?

“ಅವರಿಗೆ ಟೆಂಪರ್ ಜಾಸ್ತಿ, ಸ್ವಲ್ಪ ನೋಡ್ಕೊಂಡು ಮಾತಾಡಿ.” ಈ ಮಾತು ಕನ್ನಡದ್ದೇ ಅನ್ನುವಷ್ಟು ನಮ್ಮ ಬಾಯಿಗೆ ಹತ್ತಿದೆ. ಗಾಡಿಗೆ ಗಾಡಿ ತಾಗಿದ್ದಕ್ಕೆ ನಡುರಸ್ತೆಯಲ್ಲಿ ಇಬ್ಬರು ಕೈ ಕೈ ಮಿಲಾಯಿಸುವ ವಿಡಿಯೋಗಳು ಈಗ ದಿನಾ ಫೋನಿಗೆ ಬರುತ್ತವೆ. ಅದನ್ನು ನೋಡಿದವರಲ್ಲಿ ಒಬ್ಬರು “ಅವನಿಗೆ ಟೆಂಪರ್ ಬಂತು” ಅನ್ನುತ್ತಾರೆ. ಇನ್ನೊಬ್ಬರು “ಅವನು ಟೆಂಪರ್ ಕಳ್ಕೊಂಡ” ಅನ್ನುತ್ತಾರೆ. ಇಬ್ಬರೂ ಹೇಳಿದ್ದು ಒಂದೇ ಸಂಗತಿ. ಬಂದದ್ದಕ್ಕೂ ಕಳೆದುಹೋದದ್ದಕ್ಕೂ ಅರ್ಥ ಒಂದೇ ಆಗೋದು ಹೇಗೆ?

ಇನ್ನೂ ಒಂದು ವಿಷಯ ಇದೆ. ಮೊಬೈಲ್ ಅಂಗಡಿಯವರು ಫೋನಿಗೆ ಅಂಟಿಸುವುದು ಟೆಂಪರ್ಡ್ ಗ್ಲಾಸ್. ಗೋಡೆಗೆ ಬಳಿಯುವುದು ಡಿಸ್ಟೆಂಪರ್. ನಾಯಿಮರಿಗೆ ಲಸಿಕೆ ಹಾಕಿಸುವುದೂ ಡಿಸ್ಟೆಂಪರ್ ಬರದಿರಲಿ ಅಂತ. ಜ್ವರ ಬಂದರೆ ನೋಡುವುದು ಟೆಂಪರೇಚರ್. ಇವೆಲ್ಲ ಕೇಳೋಕೆ ಸುಮ್ನೆ ಹಾಗೆ ಹೊಂದಿಕೊಂಡ ಪದಗಳಲ್ಲ, ಒಂದೇ ಬೇರಿನ ಚಿಗುರುಗಳು. ಆ ಬೇರಿನಲ್ಲಿ ಸಿಟ್ಟು ಅನ್ನುವ ಅರ್ಥ ಒಂದು ಚೂರೂ ಇರಲಿಲ್ಲ.

ಬೇರಿನಲ್ಲಿದ್ದದ್ದು ಹದ

ಈ ಪದ ಹುಟ್ಟಿದ್ದು ಲ್ಯಾಟಿನ್ ಭಾಷೆಯಲ್ಲಿ. ಅಲ್ಲಿ ‘ತೆಂಪೆರಾರೆ’ ಅಂದರೆ ಬೇರೆ ಬೇರೆ ವಸ್ತುಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸುವುದು. ಹಳೆಯ ರೋಮನ್ನರು, ಅವರಿಗಿಂತ ಮುಂಚೆ ಗ್ರೀಕರು, ದ್ರಾಕ್ಷಾರಸದ ಮದ್ಯವನ್ನು ಹಾಗೇ ಕುಡಿಯುತ್ತಿರಲಿಲ್ಲ, ನೀರು ಬೆರೆಸುತ್ತಿದ್ದರು. ನೀರು ಎಷ್ಟು, ಮದ್ಯ ಎಷ್ಟು ಅನ್ನುವುದು ಅವರಿಗೆ ದೊಡ್ಡ ವಿಷಯವಾಗಿತ್ತು. ಬೆರೆಸುವುದಕ್ಕೆಂದೇ ಗ್ರೀಕರಲ್ಲಿ ‘ಕ್ರಾಟೇರ್’ ಅನ್ನುವ ದೊಡ್ಡ ಪಾತ್ರೆ ಇತ್ತು. ಹೀಗೆ ಬೆರೆಸಿದಾಗ ಒಂದರ ತೀಕ್ಷ್ಣತೆಯನ್ನು ಇನ್ನೊಂದು ತಗ್ಗಿಸುತ್ತದೆ. ಆದ್ದರಿಂದ ಅದೇ ಪದಕ್ಕೆ ತಗ್ಗಿಸು, ಹತೋಟಿಯಲ್ಲಿಡು ಅನ್ನುವ ಅರ್ಥವೂ ಬಂತು.

ಕನ್ನಡದಲ್ಲಿ ಇದಕ್ಕೆ ತುಂಬಾ ಹತ್ತಿರದ ಪದ ‘ಹದ’. ಹಿಟ್ಟಿಗೆ ಹದ ಇದೆ, ಪಾಕಕ್ಕೆ ಹದ ಇದೆ, ಬಿತ್ತುವ ಹೊಲಕ್ಕೂ ಕಬ್ಬಿಣಕ್ಕೂ ಹದ ಇದೆ. ಮುಂದೆ ಟೆಂಪರ್ ಅಂತ ಬಂದಲ್ಲೆಲ್ಲ ಮನಸ್ಸಿನಲ್ಲಿ ಹದ ಅಂತ ಓದಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೈಯೊಳಗಿನ ನಾಲ್ಕು ರಸಗಳು

ಮದ್ಯದ ಪಾತ್ರೆಯಲ್ಲಿದ್ದ ಪದ ಮನುಷ್ಯನ ಸ್ವಭಾವಕ್ಕೆ ಬಂದದ್ದು ವೈದ್ಯರ ಮೂಲಕ. ಕ್ರಿಸ್ತಪೂರ್ವ 400ರ ಆಸುಪಾಸಿನ ಗ್ರೀಕ್ ವೈದ್ಯರು, ಅಂದರೆ ಹಿಪೊಕ್ರೆಟಿಸ್ ಪರಂಪರೆಯವರು, ಮೈಯಲ್ಲಿ ನಾಲ್ಕು ರಸಗಳಿವೆ ಎಂದು ನಂಬಿದ್ದರು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಇವು ಸರಿಯಾಗಿ ಬೆರೆತಿದ್ದರೆ ಆರೋಗ್ಯ, ಯಾವುದಾದರೂ ಒಂದು ಜಾಸ್ತಿಯಾದರೆ ಕಾಯಿಲೆ.

ಇದನ್ನು ಒಂದು ದೊಡ್ಡ ಶಾಸ್ತ್ರವಾಗಿ ಕಟ್ಟಿದವನು ಗ್ಯಾಲೆನ್. ಅವನು ಹುಟ್ಟಿದ್ದು ಕ್ರಿಸ್ತಶಕ 129ರಲ್ಲಿ, ಇಂದಿನ ಟರ್ಕಿಯಲ್ಲಿರುವ ಪೆರ್ಗಮಮ್ ಊರಿನಲ್ಲಿ. ಆಮೇಲೆ ರೋಮಿಗೆ ಹೋಗಿ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನಿಗೆ ವೈದ್ಯನಾದ. ಬಿಸಿ, ತಂಪು, ಒಣ, ತೇವ ಎಂಬ ನಾಲ್ಕು ಗುಣಗಳ ಬೆರಕೆಯಿಂದ ಒಬ್ಬೊಬ್ಬರ ಮೈ ಒಂದೊಂದು ಬಗೆಯಲ್ಲಿರುತ್ತದೆ ಎಂದು ಗ್ಯಾಲೆನ್ ಹೇಳಿದ. ಒಟ್ಟು ಒಂಬತ್ತು ಬಗೆ. ಅವುಗಳಲ್ಲಿ ಎಲ್ಲ ಗುಣಗಳೂ ಸಮನಾಗಿ ಬೆರೆತದ್ದು ಒಂದೇ ಒಂದು. ಗ್ರೀಕಿನಲ್ಲಿ ಈ ಬೆರಕೆಯ ಹೆಸರು ‘ಕ್ರಾಸಿಸ್’. ಲ್ಯಾಟಿನ್‌ಗೆ ತರುವಾಗ ಅದನ್ನು ‘ತೆಂಪೆರಾಮೆಂಟುಮ್’ ಅಂದರು. ನಾವು ಇಂದು ಟೆಂಪರಮೆಂಟ್ ಅನ್ನುವುದು ಇದನ್ನೇ. ಇಂಗ್ಲಿಷಿನವರು ಇದನ್ನು ಚಿಕ್ಕದಾಗಿ ಟೆಂಪರ್ ಅಂತಲೂ ಕರೆದರು.

ಮನಸ್ಸಿನ ಗುಣಗಳನ್ನೂ ಇದೇ ಲೆಕ್ಕದಲ್ಲಿ ನೋಡುತ್ತಿದ್ದರು. ರಕ್ತ ಜಾಸ್ತಿ ಇದ್ದವರು ಲವಲವಿಕೆಯವರು. ಕಫ ಜಾಸ್ತಿ ಇದ್ದವರು ನಿಧಾನದವರು, ಯಾವುದಕ್ಕೂ ಬೇಗ ಅಲುಗಾಡದವರು. ಕಪ್ಪು ಪಿತ್ತದವರು ಸದಾ ಮಂಕು. ‘ಮೆಲಾಂಕಲಿ’ ಪದವನ್ನು ಬಿಡಿಸಿದರೆ ಗ್ರೀಕಿನಲ್ಲಿ ಸಿಗುವುದು ಕಪ್ಪು ಪಿತ್ತವೇ. ಹಳದಿ ಪಿತ್ತ ಜಾಸ್ತಿಯಾದವರು ಮುಂಗೋಪಿಗಳು. ಫ್ರೆಂಚರು ಸಿಟ್ಟಿಗೆ ಇಂದಿಗೂ ‘ಕೊಲೇರ್’ ಅನ್ನುತ್ತಾರೆ, ಅದೂ ಪಿತ್ತಕ್ಕೆ ಸಂಬಂಧಪಟ್ಟ ಪದ.

ನಮಗೆ ಇದು ಅಷ್ಟೇನೂ ಹೊಸದು ಅನ್ನಿಸುವುದಿಲ್ಲ, ಅಲ್ವಾ? “ಪಿತ್ತ ನೆತ್ತಿಗೇರಿತು” ಅಂತ ನಾವೂ ಅನ್ನುತ್ತೇವೆ. ಆಯುರ್ವೇದದ ವಾತ, ಪಿತ್ತ, ಕಫದ ಲೆಕ್ಕವೇ ಬೇರೆ. ಅಲ್ಲಿ ದೋಷಗಳು ಮೂರು, ಕಪ್ಪು ಪಿತ್ತ ಇಲ್ಲ. ಆದರೂ ಪಿತ್ತ, ಬಿಸಿ, ಸಿಟ್ಟು ಈ ಮೂರನ್ನೂ ಒಂದೇ ದಾರದಲ್ಲಿ ಕಟ್ಟಿದ್ದು ಎರಡೂ ಕಡೆ ಕಾಣುತ್ತದೆ.

ಮೈಯೊಳಗಿನ ನಾಲ್ಕು ರಸಗಳ ಈ ಲೆಕ್ಕವನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಕಪ್ಪು ಪಿತ್ತ ಎಂಬ ಬೇರೆ ರಸ ಮೈಯಲ್ಲಿ ಇಲ್ಲವೇ ಇಲ್ಲ. ಆದರೆ ಈ ನಂಬಿಕೆ ಯೂರೋಪಿನಲ್ಲಿ ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅಷ್ಟು ಹೊತ್ತಿಗೆ ಅದರ ಪದಗಳು ಜನರ ಮಾತಿನಲ್ಲಿ ಭದ್ರವಾಗಿ ಕೂತುಬಿಟ್ಟಿದ್ದವು.

ಅದೇ ಪದ, ಉರ್ದು ದಾರಿಯಲ್ಲಿ

ಗ್ಯಾಲೆನ್‌ನ ಬರಹಗಳು ಯೂರೋಪಿನಲ್ಲಷ್ಟೇ ಉಳಿಯಲಿಲ್ಲ. 9ನೇ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸರು, ಮುಖ್ಯವಾಗಿ ಹುನೈನ್ ಇಬ್ನ್ ಇಸ್ಹಾಕ್, ಅವನ್ನು ಅರಬ್ಬಿಗೆ ತಂದರು. ‘ಕ್ರಾಸಿಸ್’ ಅನ್ನುವುದಕ್ಕೆ ಅರಬ್ಬಿಯಲ್ಲಿ ನಿಂತ ಪದ ‘ಮಿಜಾಜ್’. ಅದರ ಮೂಲ ಅರ್ಥವೂ ಬೆರೆಸುವುದೇ. ಉರ್ದು ಮಾತಾಡುವವರು ಎದುರಾದಾಗ “ಮಿಜಾಜ್ ಕೈಸೇ ಹೈಂ” ಅಂತ ಕ್ಷೇಮ ವಿಚಾರಿಸುತ್ತಾರಲ್ಲ, ಅದರ ತಳದಲ್ಲಿರುವುದು ನಿಮ್ಮ ಮೈಯೊಳಗಿನ ಬೆರಕೆ ಸರಿಯಿದೆಯಾ ಅನ್ನುವ ಪ್ರಶ್ನೆ.

ಈ ವೈದ್ಯಕೀಯವೇ ನಮ್ಮಲ್ಲಿ ಯುನಾನಿ ಎಂಬ ಹೆಸರಿನಿಂದ ಉಳಿದಿದೆ. ಯುನಾನಿ ಅಂದರೆ ಗ್ರೀಕರದ್ದು. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ರೋಗಿಯ ಮಿಜಾಜ್ ಯಾವುದು ಎಂದು ನೋಡುವುದು ಆ ಪದ್ಧತಿಯಲ್ಲಿ ಇಂದಿಗೂ ಮುಖ್ಯ. ಹಾಗೆ ನೋಡಿದರೆ ಟೆಂಪರ್ ಮತ್ತು ಮಿಜಾಜ್ ಒಂದೇ ಗ್ರೀಕ್ ಪದದ ಎರಡು ಅನುವಾದಗಳು. ಒಂದು ಪಶ್ಚಿಮಕ್ಕೆ ಹೋಯಿತು, ಇನ್ನೊಂದು ಪೂರ್ವಕ್ಕೆ ಬಂತು.

ಸಮಾಧಾನ ಇದ್ದದ್ದು ಸಿಟ್ಟಾದದ್ದು

ಈಗ ಮೊದಲ ಪ್ರಶ್ನೆಗೆ ಬರೋಣ. ಇಂಗ್ಲಿಷಿನಲ್ಲಿ ಟೆಂಪರ್ ಅನ್ನುವುದು ಮೊದಲು ಬೆರಕೆಯ ಹದ ಆಗಿತ್ತು. ಆಮೇಲೆ ಮೈಯ ಹದ, ಅಲ್ಲಿಂದ ಮನಸ್ಸಿನ ಹದ. ಶೇಕ್ಸ್‌ಪಿಯರ್‌ನ ಲಿಯರ್ ನಾಟಕದಲ್ಲಿ ಮುದುಕ ರಾಜನಿಗೆ ತನ್ನ ಬುದ್ಧಿ ಕೈತಪ್ಪುತ್ತಿದೆ ಅನ್ನಿಸುತ್ತದೆ. ಹುಚ್ಚು ಹಿಡಿಯದಿರಲಿ ಎಂದು ದೇವರಲ್ಲಿ ಮೊರೆಯಿಡುತ್ತಾನೆ. ಆಗ ಅವನು ಬೇಡುವುದು ತನ್ನನ್ನು ‘ಟೆಂಪರ್‌ನಲ್ಲಿ ಇಡು’ ಅಂತ. ಇಂದಿನ ಅರ್ಥ ಹಾಕಿದರೆ ‘ನನ್ನನ್ನು ಸಿಟ್ಟಿನಲ್ಲಿಡು’ ಎಂದಾಗಿ ಮಾತು ಪೂರ್ತಿ ತಲೆಕೆಳಗಾಗುತ್ತದೆ. ರಾಜ ಕೇಳುತ್ತಿರುವುದು ಚಿತ್ತದ ಸ್ವಾಸ್ಥ್ಯ.

1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್‌ರ ಇಂಗ್ಲಿಷ್ ನಿಘಂಟಿನಲ್ಲೂ ಟೆಂಪರ್ ಪದದ ಮೊದಲ ಅರ್ಥ ವಿರುದ್ಧ ಗುಣಗಳ ಸರಿಯಾದ ಬೆರಕೆ. ಮನಸ್ಸಿನ ಶಾಂತಿ, ಸಂಯಮ ಎನ್ನುವುದನ್ನೂ ಅವರು ಒಂದು ಅರ್ಥವಾಗಿ ಕೊಟ್ಟಿದ್ದಾರೆ. ಇಂದು ನಾವು ಸಿಟ್ಟು ಅಂದುಕೊಳ್ಳುವ ಪದಕ್ಕೆ ಅಂದು ಶಾಂತಿ ಅಂತ ಬರೆದಿದ್ದರು!

‘ಟೆಂಪರ್ ಕಳೆದುಕೊಳ್ಳುವುದು’ ಅನ್ನುವ ಮಾತು ಹುಟ್ಟಿದ್ದು ಈ ಹಳೆಯ ಅರ್ಥದಲ್ಲಿ. ಅಂದರೆ ಸಮಾಧಾನ ಕಳೆದುಕೊಳ್ಳುವುದು, ಮನಸ್ಸಿನ ಹದ ತಪ್ಪುವುದು. ಹಾಗೆ ಓದಿದರೆ ಗೊಂದಲವೇ ಇಲ್ಲ.

‘ಟೆಂಪರ್ ಬಂತು’ ಅನ್ನುವುದರ ದಾರಿ ಬೇರೆ. ಟೆಂಪರ್ ಅಂದರೆ ಸ್ವಭಾವ ಎಂದಾದ ಮೇಲೆ ಅದರಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಗುಡ್ ಟೆಂಪರ್, ಬ್ಯಾಡ್ ಟೆಂಪರ್, ಹಾಟ್ ಟೆಂಪರ್ ಎಂದು ಮುಂದೊಂದು ಪದ ಸೇರಿಸಿಯೇ ಹೇಳಬೇಕಿತ್ತು. ಆದರೆ ಜನ ಸ್ವಭಾವದ ಬಗ್ಗೆ ಮಾತೆತ್ತುವುದು ಹೆಚ್ಚಾಗಿ ಅದು ಕೆಟ್ಟಾಗಲೇ. ಬರುಬರುತ್ತಾ ಬ್ಯಾಡ್ ಅನ್ನುವುದು ಬಿದ್ದುಹೋಯಿತು, ಟೆಂಪರ್ ಒಂದೇ ಉಳಿಯಿತು. ಬಿದ್ದುಹೋದ ಪದದ ಅರ್ಥವನ್ನೂ ಉಳಿದ ಪದವೇ ಹೊತ್ತುಕೊಂಡಿತು. 19ನೇ ಶತಮಾನದ ಮೊದಲ ಭಾಗದ ಹೊತ್ತಿಗೆ ಟೆಂಪರ್ ಅಂದರೆ ನೇರವಾಗಿ ಸಿಟ್ಟು ಅನ್ನುವ ಬಳಕೆ ಬರಹದಲ್ಲೂ ಕಾಣಿಸಿಕೊಂಡಿತು.

ಇದು ವಿಚಿತ್ರ ಅನ್ನಿಸಿದರೆ ನಮ್ಮ ಮನೆಯ ಮಾತನ್ನೇ ಕೇಳಿ. “ನಮ್ಮ ಮಾವನಿಗೆ ಬಿಪಿ ಇದೆ” ಅನ್ನುತ್ತೇವೆ. ಬಿಪಿ ಅಂದರೆ ರಕ್ತದೊತ್ತಡ, ಅದು ಬದುಕಿರುವ ಎಲ್ಲರಿಗೂ ಇರಲೇಬೇಕು. ನಾವು ಹೇಳುತ್ತಿರುವುದು ಅದು ಜಾಸ್ತಿ ಇದೆ ಅಂತ. ಜಾಸ್ತಿ ಅನ್ನುವುದು ಬಿದ್ದುಹೋಗಿದೆ. ‘ಶುಗರ್ ಇದೆ’ ಅನ್ನುವುದೂ ಹಾಗೇ. ಅಚ್ಚ ಕನ್ನಡದ ಬಳಕೆಯಲ್ಲೂ ಇದು ನಡೆದಿದೆ. “ಯಾಕೋ ವಾಸನೆ ಬರ್ತಿದೆ” ಅಂದರೆ ಯಾರೂ ಮಲ್ಲಿಗೆಯನ್ನು ನೆನೆಯುವುದಿಲ್ಲ. “ಕೊನೆಗೂ ತನ್ನ ಬುದ್ಧಿ ತೋರಿಸಿಬಿಟ್ಟ” ಅಂದರೆ ಅವನ ಜಾಣತನವನ್ನು ಹೊಗಳಿದಂತಲ್ಲ. ಟೆಂಪರ್‌ಗೆ ಆದದ್ದೂ ಇದೇ.

ಹೀಗೆ ಒಂದೇ ಪದದ ಎರಡು ಕಾಲದ ಅರ್ಥಗಳು ಇಂದು ಒಟ್ಟೊಟ್ಟಿಗೆ ಬದುಕಿವೆ. ಕಳೆದುಕೊಳ್ಳುವ ಟೆಂಪರ್ ಹಳೆಯದು, ಬರುವ ಟೆಂಪರ್ ಹೊಸದು.

ಕುಲುಮೆಯಲ್ಲಿ ಉಳಿದ ಹಳೆಯ ಅರ್ಥ

ಮನಸ್ಸಿನ ಮಾತಿನಲ್ಲಿ ಅರ್ಥ ಉಲ್ಟಾ ಆದರೂ ಲೋಹದ ಕೆಲಸದಲ್ಲಿ ಟೆಂಪರ್ ಇಂದಿಗೂ ಹದವೇ. ಉಕ್ಕಿನ ಉಳಿಗೆ ಕಮ್ಮಾರರು ಹದ ಕೊಡುವುದನ್ನು ಹತ್ತಿರದಿಂದ ನೋಡಿದರೆ ಈ ಪದದ ಜೀವ ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ.

ಉಳಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸುತ್ತಾರೆ, ಸುಮಾರು 800 ಡಿಗ್ರಿ ಸೆಲ್ಸಿಯಸ್ ತನಕ. ಆಮೇಲೆ ಅದರ ತುದಿಯನ್ನು ಮಾತ್ರ ನೀರಿಗೆ ಅದ್ದುತ್ತಾರೆ. ತುದಿ ಒಮ್ಮೆಲೇ ತಣ್ಣಗಾಗಿ ತುಂಬಾ ಗಟ್ಟಿಯಾಗುತ್ತದೆ. ಆದರೆ ಆ ಗಟ್ಟಿತನ ಒಳ್ಳೆಯದಲ್ಲ. ಕಬ್ಬಿಣದೊಳಗಿನ ಇಂಗಾಲದ ಕಣಗಳು ತಪ್ಪಿಸಿಕೊಳ್ಳಲು ಸಮಯ ಸಿಗದೆ ಇದ್ದಲ್ಲೇ ಸಿಕ್ಕಿಬಿದ್ದಿರುತ್ತವೆ, ಒಳಗೆಲ್ಲ ಬಿಗಿತ ತುಂಬಿರುತ್ತದೆ. ಈ ಸ್ಥಿತಿಯಲ್ಲಿ ಉಳಿಯನ್ನು ಕಲ್ಲಿಗಿಟ್ಟು ಸುತ್ತಿಗೆಯಿಂದ ಬಡಿದರೆ ತುದಿ ಚೂರಾಗಿ ಹಾರುತ್ತದೆ.

ಆದ್ದರಿಂದ ನೀರಿನಿಂದ ತೆಗೆದ ತಕ್ಷಣ ತುದಿಯನ್ನು ಕಲ್ಲಿನಿಂದ ಉಜ್ಜಿ ಹೊಳಪು ಮಾಡುತ್ತಾರೆ. ಉಳಿಯ ಹಿಂಭಾಗ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆ ಬಿಸಿ ಮೆಲ್ಲಗೆ ತುದಿಯ ಕಡೆ ಹರಿಯುತ್ತದೆ. ಹೊಳಪಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ಸರಿದು ಬರುತ್ತವೆ. ಮೊದಲು ಒಣಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ. ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಉಕ್ಕಿನ ಮೈಮೇಲೆ ಕಟ್ಟುವ ತೆಳುವಾದ ಆಕ್ಸೈಡ್ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಬೇಕಾದ ಬಣ್ಣ ತುದಿಗೆ ತಲುಪಿದ ಕ್ಷಣವೇ ಪೂರ್ತಿ ಉಳಿಯನ್ನು ನೀರಿಗೆ ಹಾಕುತ್ತಾರೆ. ಸ್ವಲ್ಪ ಗಟ್ಟಿತನ ಬಿಟ್ಟುಕೊಟ್ಟು ಅದರ ಬದಲಿಗೆ ಪೆಟ್ಟು ತಾಳುವ ಗುಣ ಪಡೆದ ಹಾಗೆ ಆಯಿತು. ಇಂಗ್ಲಿಷಿನಲ್ಲಿ ಟೆಂಪರಿಂಗ್ ಅಂದರೆ ಈ ಎರಡನೇ ಹಂತ. ಥರ್ಮಾಮೀಟರ್ ಇಲ್ಲದೆ ಬರೀ ಬಣ್ಣ ನೋಡಿ ಇಷ್ಟು ನಿಖರವಾಗಿ ಮಾಡುವ ಈ ವಿದ್ಯೆಯ ಬಗ್ಗೆ ನನಗೆ ತುಂಬಾ ಗೌರವ.

ಹದ ಕೊಟ್ಟ ಉಳಿಯನ್ನು ಸಾಣೆಯ ಚಕ್ರಕ್ಕೆ ಜಾಸ್ತಿ ಹೊತ್ತು ಒತ್ತಿದರೆ ಅಂಚು ನೀಲಿಗಟ್ಟಿ ಮೆತ್ತಗಾಗುತ್ತದೆ. ಆಗ ನಮ್ಮವರು ‘ಹದ ಹೋಯ್ತು’ ಅನ್ನುತ್ತಾರೆ, ಇಂಗ್ಲಿಷಿನವರು ಉಕ್ಕು ಟೆಂಪರ್ ಕಳೆದುಕೊಂಡಿತು ಅನ್ನುತ್ತಾರೆ. ಸಿಟ್ಟಿಗೆದ್ದ ಮನುಷ್ಯನಿಗೆ ಬಳಸುವ ಅದೇ ಮಾತು.

ಫೋನಿನ ಮೇಲಿನ ಗಾಜು

ಟೆಂಪರ್ಡ್ ಗಾಜಿಗೆ ಹೆಸರು ಬಂದದ್ದು ಉಕ್ಕಿನಿಂದ, ಆದರೆ ಕೆಲಸ ಬೇರೆ. ಕಾರಿನ ಪಕ್ಕದ ಕಿಟಕಿಯ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ತಣ್ಣನೆ ಗಾಳಿ ಊದುತ್ತಾರೆ. ಹೊರಮೈ ಬೇಗ ತಣಿದು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿಯುತ್ತಾ ಕುಗ್ಗಿ ಹೊರಮೈಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಹೊರಮೈ ಸದಾ ಒತ್ತಿಕೊಂಡೇ ಇರುವುದರಿಂದ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಒಡೆದರೂ ಚೂಪಾದ ಚೂರುಗಳ ಬದಲು ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ.

ಫೋನಿಗೆ ಹಾಕುವ ತೆಳ್ಳನೆಯ ಗಾಜಿಗೆ ಈ ಗಾಳಿಯ ವಿಧಾನ ಒಗ್ಗುವುದಿಲ್ಲ. ಒಳ್ಳೆಯ ಗುಣಮಟ್ಟದ್ದನ್ನು ಕರಗಿಸಿದ ಪೊಟ್ಯಾಸಿಯಂ ಉಪ್ಪಿನಲ್ಲಿ, ಸುಮಾರು 400 ಡಿಗ್ರಿಯಲ್ಲಿ ಮುಳುಗಿಸಿಡುತ್ತಾರೆ. ಗಾಜಿನ ಮೈಯಲ್ಲಿರುವ ಸೋಡಿಯಂ ಕಣಗಳು ಹೊರಗೆ ಬಂದು ಆ ಜಾಗಕ್ಕೆ ಅವಕ್ಕಿಂತ ದೊಡ್ಡದಾದ ಪೊಟ್ಯಾಸಿಯಂ ಕಣಗಳು ತುರುಕಿಕೊಳ್ಳುತ್ತವೆ. ಇಲ್ಲಿಯೂ ಫಲ ಒಂದೇ: ಮೈಮೇಲೆ ಬಿಗಿಯಾದ ಒತ್ತಡ.

ಗೋಡೆಯ ಡಿಸ್ಟೆಂಪರ್, ನಾಯಿಯ ಡಿಸ್ಟೆಂಪರ್

ಇವೆರಡೂ ಬೇರಿನಲ್ಲಿ ಒಂದೇ, ಮುಂದಿರುವ ‘ಡಿಸ್’ ಮಾತ್ರ ಎರಡು ಬಗೆ. ನಾಯಿಯ ರೋಗದಲ್ಲಿ ‘ಡಿಸ್’ ಅಂದರೆ ಕೆಟ್ಟುಹೋದದ್ದು. ರಸಗಳ ಹದ ತಪ್ಪಿದೆ ಅನ್ನುವ ಅರ್ಥದಲ್ಲಿ ಹಿಂದೆ ಮನುಷ್ಯರ ಕಾಯಿಲೆಗೂ ಡಿಸ್ಟೆಂಪರ್ ಅನ್ನುತ್ತಿದ್ದರು. ಈಗ ಪ್ರಾಣಿಗಳ ರೋಗಕ್ಕೆ ಮಾತ್ರ ಉಳಿದಿದೆ. ನಾಯಿಗಳಿಗೆ ಅದನ್ನು ತರುವುದು ದಡಾರದ ವೈರಸ್‌ನ ಹತ್ತಿರದ ನೆಂಟನಾದ ಒಂದು ವೈರಸ್. ರಸಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಹಳೆಯದು.

ಗೋಡೆಯ ಬಣ್ಣದಲ್ಲಿ ‘ಡಿಸ್’ ಅಂದರೆ ಚೆನ್ನಾಗಿ, ಪೂರ್ತಿಯಾಗಿ. ಬಣ್ಣದ ಪುಡಿಯನ್ನು ನೀರು ಮತ್ತು ಅಂಟಿನಲ್ಲಿ ಚೆನ್ನಾಗಿ ಕದಡಿ ಬೆರೆಸಿದ್ದು ಡಿಸ್ಟೆಂಪರ್. ಮೊಟ್ಟೆಯ ಹಳದಿಯಲ್ಲಿ ಬಣ್ಣ ಬೆರೆಸಿ ಬರೆಯುವ ಇಟಲಿಯ ಹಳೆಯ ಚಿತ್ರಪದ್ಧತಿಗೆ ‘ಟೆಂಪೆರಾ’ ಎಂಬ ಹೆಸರಿರುವುದೂ ಇದೇ ಬೆರೆಸುವಿಕೆಯಿಂದ.

ಜ್ವರ, ಒಗ್ಗರಣೆ, ಹಾರ್ಮೋನಿಯಂ

ಟೆಂಪರೇಚರ್ ಅನ್ನುವುದಕ್ಕೂ ಮೊದಲಿದ್ದ ಅರ್ಥ ಬೆರಕೆ. ಬಿಸಿ ಮತ್ತು ತಂಪು ಯಾವ ಪ್ರಮಾಣದಲ್ಲಿ ಬೆರೆತಿವೆ ಅನ್ನುವುದರಿಂದ ಮುಂದೆ ಶಾಖದ ಅಳತೆ ಅನ್ನುವ ಅರ್ಥ 17ನೇ ಶತಮಾನದಲ್ಲಿ ನೆಲೆಯಾಯಿತು. ‘ಮಗೂಗೆ ಟೆಂಪರೇಚರ್ ಇದೆ’ ಅನ್ನುವಾಗ ಮತ್ತೆ ಅದೇ ಬಿಪಿಯ ಕಥೆ.

ಇಂಗ್ಲಿಷ್ ಅಡುಗೆ ಬರಹಗಳಲ್ಲಿ ನಮ್ಮ ಒಗ್ಗರಣೆಗೆ ಟೆಂಪರಿಂಗ್ ಅಂತ ಬರೆಯುತ್ತಾರೆ. ಪೋರ್ಚುಗೀಸ್ ಭಾಷೆಯಲ್ಲಂತೂ ‘ತೆಂಪೆರಾರ್’ ಅಂದರೆ ಉಪ್ಪು, ಮಸಾಲೆ ಹಾಕಿ ಅಡುಗೆಗೆ ರುಚಿ ಕಟ್ಟುವುದೇ. ಚಾಕೊಲೇಟ್ ಮಾಡುವವರು ಟೆಂಪರಿಂಗ್ ಅನ್ನುವುದು ಬೇರೆ. ಕರಗಿದ ಚಾಕೊಲೇಟನ್ನು ತಣಿಸಿ, ಮತ್ತೆ 31–32 ಡಿಗ್ರಿಯಷ್ಟು ಬಿಸಿ ಮಾಡಿ, ಅದರೊಳಗಿನ ಕೋಕೋ ಕೊಬ್ಬು ಸರಿಯಾದ ಹರಳಾಗಿ ಕಟ್ಟುವಂತೆ ಮಾಡುತ್ತಾರೆ. ಆಗಲೇ ಅದಕ್ಕೆ ಹೊಳಪು, ಮುರಿದರೆ ಟಕ್ ಅನ್ನುವ ಸದ್ದು.

ಸಂಗೀತದಲ್ಲೂ ಟೆಂಪರಮೆಂಟ್ ಇದೆ. ಪಿಯಾನೋ, ಹಾರ್ಮೋನಿಯಂಗಳಲ್ಲಿ ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಲು ಷಡ್ಜ ಬಿಟ್ಟು ಉಳಿದ ಸ್ವರಗಳನ್ನು ಸಹಜ ಶ್ರುತಿಯಿಂದ ಒಂದು ಚೂರು ಆಚೀಚೆ ಸರಿಸುತ್ತಾರೆ. ಈ ರಾಜಿಯೇ ಟೆಂಪರಮೆಂಟ್. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳಿಗೆ, ಗಮಕಗಳಿಗೆ ಇದು ಹೊಂದುವುದಿಲ್ಲ ಅನ್ನುವ ವಾದ ಎಷ್ಟು ಬಲವಾಗಿತ್ತು ಅಂದರೆ, 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಅದು ಸಡಿಲವಾಗಲು 1971ರ ತನಕ ಕಾಯಬೇಕಾಯಿತು.

ಟೆಂಪರ್ ಮತ್ತು ಟ್ಯಾಂಪರ್

ಕೊನೆಗೆ ಬಳಕೆಯಲ್ಲಿ ತುಂಬಾ ಜನ ಎಡವುವ ಜಾಗ. ಇವಿಎಂ ಟ್ಯಾಂಪರಿಂಗ್, ಬಾಲ್ ಟ್ಯಾಂಪರಿಂಗ್ ಅಂತ ಸುದ್ದಿಯಲ್ಲಿ ಕೇಳುತ್ತೇವೆ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಆಟಗಾರ ಚೆಂಡನ್ನು ಉಪ್ಪುಕಾಗದದಿಂದ ಉಜ್ಜಲು ಹೋಗಿ ಸಿಕ್ಕಿಬಿದ್ದಾಗ ಈ ಪದ ಎಲ್ಲರ ಬಾಯಲ್ಲೂ ಓಡಾಡಿತು. ಟ್ಯಾಂಪರ್ ಹುಟ್ಟಿದ್ದು ಟೆಂಪರ್‌ನಿಂದಲೇ. ಜೇಡಿಮಣ್ಣಿಗೆ ನೀರು ಬೆರೆಸಿ ತುಳಿದು ಹದ ಮಾಡುವುದಕ್ಕೂ ಟೆಂಪರ್ ಅನ್ನುತ್ತಿದ್ದರು. ಅದರ ಉಚ್ಚಾರ ಸ್ವಲ್ಪ ಬದಲಾಗಿ 16ನೇ ಶತಮಾನದಲ್ಲಿ ಟ್ಯಾಂಪರ್ ಆಯಿತು. ಅಲ್ಲಿಂದ ಸುಮ್ಮನೆ ಕೈಹಾಕುವುದು, ಕೆಡಿಸುವುದು ಎಂಬಲ್ಲಿಗೆ ಅರ್ಥ ಜಾರಿತು.

ದೂರು ಬರೆಯುವಾಗ ಕೆಲವರು ‘ಮೀಟರ್ ಟೆಂಪರಿಂಗ್’ ಅಂತ ಬರೆಯುವುದುಂಟು. ಹುಟ್ಟಿನ ಲೆಕ್ಕದಲ್ಲಿ ಎರಡೂ ಒಡಹುಟ್ಟಿದವು, ಆದರೆ ಇಂದಿನ ಬಳಕೆಯಲ್ಲಿ ಬೇರೆ ಬೇರೆ. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಹೇಳುವುದು ಟ್ಯಾಂಪರ್ ಬಗ್ಗೆ: ಕರೆಂಟ್ ಕದಿಯಲು ಮೀಟರ್‌ಗೆ ಕೈ ಹಾಕಿದರೆ 3 ವರ್ಷದ ತನಕ ಜೈಲು ಅಥವಾ ದಂಡ, ಇಲ್ಲವೇ ಎರಡೂ.